ಬಲಗಾಲು ಮುಂದೆ

ಈಸ್ಟ್ ಬಾರ್ಲೋ, ವರ್ಮಾಂಟ್
ಫೆಬ್ರವರಿ 9, 2014, ಭಾನುವಾರ

ಪ್ರೀತಿಯ ಡ್ವೈಟ್,

ಹೇಗಿದ್ದೀಯಪ್ಪಾ? ಬೆನ್ನುನೋವು ಕಡಿಮೆಯಾಯಿತೇ? ಎಲೋಯ್ಸಾ ಮತ್ತು ಜೂನಿ ಆರೋಗ್ಯವಾಗಿದ್ದಾರೆ ತಾನೇ? ಇಲ್ಲಿ ನಿನ್ನ ಅಮ್ಮನ ಕೆಮ್ಮು ಇಳಿದಿದೆ. ನನ್ನನ್ನು ಬೈಯುವಷ್ಟು ಉಸಿರು ಮರಳಿ ಬಂದಿದೆ. ನಾಯಿಗೆ ವಯಸ್ಸಾಯಿತು, ಒಲೆಯ ಮುಂದಿನಿಂದ ಏಳುವುದಿಲ್ಲ. ನನಗೆ ಮೊಣಕೈ ನೀಲಿಗಟ್ಟಿದೆ, ಕುಂಡಿಯೂ ನೀಲಿಗಟ್ಟಿದೆ. ಅರವತ್ತೇಳು ವರ್ಷದ ಮನುಷ್ಯನಿಗೆ ಅದು ಹೇಗಾಯಿತೆಂದು ಹೇಳುವುದಕ್ಕೇ ಈ ಕಾಗದ. ಫೋನಿನಲ್ಲಿ ನಾವಿಬ್ಬರೂ ಅಲ್ಲಿಯ ಬಿಸಿಲು ಇಲ್ಲಿಯ ಚಳಿ ಮಾತಾಡಿ ಮುಗಿಸುತ್ತಲೇ ನಾನು ಫೋನನ್ನು ನಿನ್ನ ಅಮ್ಮನ ಕೈಗೆ ಕೊಟ್ಟುಬಿಡುತ್ತೇನೆ. ಕಾಗದವನ್ನು ಹಾಗೆ ಕೊಡಲಾಗುವುದಿಲ್ಲ.

ನಿನ್ನ ಮಗಳು ಜೂನಿ ನನಗೊಂದು ಪತ್ರ ಬರೆದಿದ್ದಾಳೆ, ನಿನಗೆ ಗೊತ್ತಿರಬಹುದು. ಮಾರ್ಚಿನಲ್ಲಿ ಶಾಲೆಯವರು ಟಾವೋಸ್ ಕಡೆಯ ಹಿಮದ ಬೆಟ್ಟಕ್ಕೆ ಕರೆದುಕೊಂಡು ಹೋಗುತ್ತಾರಂತೆ, ಇವಳು ಸ್ನೋಬೋರ್ಡ್ ಕಲಿಯುತ್ತಾಳಂತೆ, ಏನನ್ನು ಕೊಳ್ಳಬೇಕು, ಏನನ್ನು ಬಾಡಿಗೆಗೆ ತರಬೇಕು ಹೇಳಿ ಎಂದು ಕೇಳಿದ್ದಾಳೆ. ಕೆಳಗೊಂದು ಸಾಲು: ‘ಅಪ್ಪನ್ನ ಕೇಳಿದ್ರೆ, ನಂಗೇನೂ ಗೊತ್ತಿಲ್ಲ, ಹಿಮದ ವಿಷಯ ನಿಮ್ಮ ತಾತನ್ನ ಕೇಳು ಅಂದ್ರು.’ ಆ ಸಾಲನ್ನು ನಾನು ಎಷ್ಟು ಸಲ ಓದಿದೆನೋ. ನಿನಗೆ ಗೊತ್ತಿಲ್ಲದೆ ಹೋದದ್ದು ಯಾರಿಂದ ಎಂಬುದು ಈ ಊರಲ್ಲಿ ಇಬ್ಬರಿಗೆ ಗೊತ್ತು. ಒಬ್ಬ ನಾನು, ಇನ್ನೊಬ್ಬಳು ನಿನ್ನ ಅಮ್ಮ.

ಜೂನಿ ಸ್ಕೀ ಬಗ್ಗೆ ಕೇಳಿದ್ದರೆ ಕಣ್ಣು ಮುಚ್ಚಿಕೊಂಡು ಬರೆದುಬಿಡುತ್ತಿದ್ದೆ. ಸ್ನೋಬೋರ್ಡ್, ಅಂದರೆ ಎರಡೂ ಕಾಲು ಕಟ್ಟಿಕೊಂಡು ಹಿಮದ ಮೇಲೆ ಜಾರುವ ಆ ಒಂಟಿ ಹಲಗೆಯ ವಿಷಯದಲ್ಲಿ ನನಗೆ ಗೊತ್ತಿದ್ದುದು ಅದರವರನ್ನು ಗುಡ್ಡದಿಂದ ಹೊರಗಟ್ಟುವುದಷ್ಟೇ. ಮಗುವಿಗೆ ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಬರೆಯಲು ಕೈ ಬರಲಿಲ್ಲ. ಆದ್ದರಿಂದ ಮಂಗಳವಾರ ಬೆಳಿಗ್ಗೆ ಯಾರಿಗೂ ಹೇಳದೆ ಗುಡ್ಡದ ಬುಡದ ಬಾಡಿಗೆ ಅಂಗಡಿಗೆ ಹೋದೆ. ಅಲ್ಲಿ ಈಗ ಕೆಂಡ್ರಾ ಇದ್ದಾಳೆ, ನಿನ್ನ ಜೊತೆ ಓದಿದ ಲೋಯಲ್‌ನ ಮಗಳು. ಬಾಯಿ ಥೇಟು ಅಪ್ಪನದೇ. ಚೀಟಿಯಲ್ಲಿ ತೂಕ ಎಂಬಲ್ಲಿ ನೂರಾ ಎಪ್ಪತ್ತು ಪೌಂಡು ಎಂದು ಬರೆದೆ. ಅವಳು ನನ್ನ ಹೊಟ್ಟೆಯನ್ನೊಮ್ಮೆ ನೋಡಿ, ‘ತಾತ, ಇದು ಯಾವ ವರ್ಷದ ತೂಕ? ಹಲಗೆ ಕೊಡೋದೇ ತೂಕ ನೋಡಿ. ನಂಗೆ ಸುಳ್ಳು ಹೇಳಿ ಪರವಾಗಿಲ್ಲ, ಹಲಗೆಗೆ ಗೊತ್ತಾಗ್ಬಿಡುತ್ತೆ’ ಅಂದಳು. ಇನ್ನೂರಾ ಐದು ಎಂದು ತಿದ್ದಿದೆ. ಜೂನಿಗೆ ಇದನ್ನು ಮೊದಲು ಹೇಳು: ತೂಕ ನಿಜ ಬರೆಯಬೇಕು. ಹಲಗೆಯನ್ನು ನಿಲ್ಲಿಸಿದರೆ ಅವಳ ಗದ್ದದ ಮಟ್ಟಕ್ಕೆ ಬಂದರೆ ಸಾಕು, ಕಲಿಯುವವರಿಗೆ ಗಿಡ್ಡದ್ದೇ ಒಳ್ಳೆಯದು. ಅದನ್ನು ಕೊಳ್ಳಬೇಡಿ. ಬೆಳೆಯುವ ಹುಡುಗಿ, ಬಾಡಿಗೆಯದೇ ಸರಿ. ಕಾಲು ಕಟ್ಟುವ ಪಟ್ಟಿಗಳು ಹಲಗೆಯ ಜೊತೆಗೇ ಬರುತ್ತವೆ.

ಬೂಟಿನ ವಿಷಯದಲ್ಲಿ ನನಗೂ ಕೆಂಡ್ರಾಗೂ ಜಗಳವೇ ಆಯಿತು. ನಾನು ಐವತ್ತು ವರ್ಷದಿಂದ ತೆಳುವಾದದ್ದೊಂದು, ದಪ್ಪದ್ದೊಂದು, ಹೀಗೆ ಎರಡು ಜೊತೆ ಕಾಲುಚೀಲ ಹಾಕಿದವನು. ‘ಒಂದ್ ಬಿಚ್ಚಿ’ ಅಂದಳು. ಬಿಚ್ಚುವುದಿಲ್ಲ ಅಂದೆ. ‘ಹಾಗಿದ್ರೆ ಬೂಟು ಕೊಡಲ್ಲ’ ಅಂದಳು. ಈಸ್ಟ್ ಬಾರ್ಲೋದಲ್ಲಿ ನನಗೆ ಹಾಗೆ ಹೇಳಿದವರು ಇನ್ನೂ ಹುಟ್ಟಿಲ್ಲ ಎಂದುಕೊಂಡಿದ್ದೆ. ಹುಟ್ಟಿ ದೊಡ್ಡವಳೂ ಆಗಿದ್ದಾಳೆ. ಬಿಚ್ಚಿದೆ. ಎರಡು ಹಾಕಿದರೆ ಒಳಗೆ ಮಡಿಕೆ ಬಿದ್ದು ಕಾಲು ಉಜ್ಜುತ್ತದೆ, ರಕ್ತ ಓಡದೆ ಬೆರಳು ಇನ್ನೂ ತಣ್ಣಗಾಗುತ್ತದೆ. ಜೂನಿಗೆ ಉಣ್ಣೆಯದು ಒಂದೇ ಜೊತೆ, ಮಂಡಿಯ ಕೆಳಗಿನವರೆಗೆ ಬರುವಂಥದು ಕೊಡಿಸು. ಹತ್ತಿಯದು ಬೇಡವೇ ಬೇಡ, ಒದ್ದೆಯಾದರೆ ಒಣಗುವುದಿಲ್ಲ. ಬೂಟು ಬಾಡಿಗೆಗೆ ತಂದರೂ ಅಲ್ಲೇ ಹಾಕಿ ನೋಡಲಿ. ಬೆರಳ ತುದಿ ಮುಂದೆ ಸ್ವಲ್ಪ ತಾಕಬೇಕು, ಮಂಡಿ ಬಗ್ಗಿಸಿದಾಗ ಹಿಮ್ಮಡಿ ಮೇಲೇಳಬಾರದು. ‘ಮುಂದಿನ ವರ್ಷಕ್ಕೂ ಆಗುತ್ತೆ’ ಎಂದು ದೊಡ್ಡದು ತೆಗೆದುಕೊಳ್ಳಬೇಡ. ನಿನಗೆ ನಾನು ಯಾವಾಗಲೂ ಹಾಗೇ ಮಾಡುತ್ತಿದ್ದೆ, ನೀನು ಕಾಗದ ತುರುಕಿಕೊಂಡು ನಡೆಯುತ್ತಿದ್ದೆ, ಒಂದು ದಿನವೂ ದೂರಲಿಲ್ಲ.

ಎಲ್ಲ ಕೊಟ್ಟ ಮೇಲೆ ನಾನು ಕೌಂಟರಿನ ಮುಂದೆ ನಿಂತೇ ಇದ್ದೆ. ‘ಇನ್ನೇನ್ ಬೇಕು ತಾತ?’ ಅಂದಳು. ಕೋಲು ಕೊಡು ಅಂದೆ. ಸ್ಕೀಗೆ ಎರಡು ಕೋಲು ಬೇಕು ನೋಡು, ನನ್ನ ಕೈಗೆ ಅದೇ ಅಭ್ಯಾಸ. ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ‘ಸ್ನೋಬೋರ್ಡಿಗೆ ಕೋಲಿಲ್ಲ ತಾತ. ಬಿದ್ರೆ ಕೈ ಊರ್ತೀರಲ್ಲ, ಅದೇ ಕೋಲು. ಅದಕ್ಕೇ ಇದನ್ನ ಹಾಕ್ಕೊಳ್ಳಿ’ ಎಂದು ಮಣಿಕಟ್ಟಿಗೆ ಕಟ್ಟುವ ಗಟ್ಟಿ ಪಟ್ಟಿ ಕೊಟ್ಟಳು. ಅದನ್ನು ಜೂನಿಗೆ ಕೊಂಡುಬಿಡು, ಹೆಲ್ಮೆಟ್ಟನ್ನೂ ಕೊಂಡುಬಿಡು. ನೀರು ಇಳಿಯದ ಕೈಗವಸು ಮತ್ತು ಹಿಮಕ್ಕೆ ಹಾಕುವ ಕನ್ನಡಕ ಸ್ವಂತದ್ದೇ ಇರಲಿ, ಅಗ್ಗದ್ದಾದರೂ ಸಾಕು. ಜಾಕೆಟ್ಟು, ಪ್ಯಾಂಟು ಯಾರ ಹತ್ತಿರವಾದರೂ ಕೇಳಿ ತನ್ನಿ. ಒಂದು ದಿನದ ಆಟಕ್ಕೆ ಯಾರೂ ಇಲ್ಲ ಅನ್ನುವುದಿಲ್ಲ. ಜೀನ್ಸ್ ಮಾತ್ರ ಹಾಕಿ ಕಳಿಸಬೇಡ. ಇನ್ನು ಕುಂಡಿಗೆ ಮೆತ್ತೆಯ ಚಡ್ಡಿ ಸಿಗುತ್ತದಂತೆ. ನಾನು ಹಳೆಯ ಸೋಫಾದ ದಿಂಬು ಕತ್ತರಿಸಿ ಪ್ಯಾಂಟಿನೊಳಗೆ ಇಟ್ಟುಕೊಂಡಿದ್ದೆ, ಮೂರನೆಯ ಸಲ ಬೀಳುವಾಗ ಅದು ಮುಂದಕ್ಕೆ ಬಂದಿತ್ತು.

ಹನ್ನೊಂದು ಸಲ ಬಿದ್ದೆ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವುದಕ್ಕೂ ದಾರಿಯಿಲ್ಲ, ಮೀಸೆಯ ತುಂಬ ಹಿಮ. ಆದರೆ ಹನ್ನೆರಡನೆಯ ಸಲ ಇಪ್ಪತ್ತು ಗಜ ಹೋದೆ, ಡ್ವೈಟ್. ನಿಂತುಕೊಂಡೇ ಹೋದೆ. ಕೆಳಗೆ ಬಂದು ನಿಂತದ್ದು ಜನರನ್ನು ಗುಡ್ಡದ ಮೇಲಕ್ಕೆ ಒಯ್ಯುವ ಅದೇ ಲಿಫ್ಟಿನ ಹತ್ತಿರ. ಅಲ್ಲಿಗೆ ಬಂದಾಗ ನನಗೆ ಎಂಬತ್ತೇಳನೆಯ ಇಸವಿಯ ಜನವರಿ ನೆನಪಾಯಿತು. ಆಗ ನಾನು ಗುಡ್ಡದ ಗಸ್ತು ದಳದ ಮುಖ್ಯಸ್ಥ, ಹಲಗೆಯವರಿಗೆ ಪ್ರವೇಶವಿಲ್ಲ ಎಂದು ಫಲಕ ಬರೆಸಿದವನೂ ನಾನೇ. ನಿನಗೆ ಹದಿನಾರು. ಶಾಲೆಯ ಮರಗೆಲಸದ ಕೋಣೆಯಲ್ಲಿ ಎರಡು ತಿಂಗಳು ಕೂತು ಮಾಡಿದ ಹಲಗೆಯನ್ನು ತೋಳಲ್ಲಿ ಹಿಡಿದು ನೀನು ಲಿಫ್ಟಿನ ಸಾಲಿನಲ್ಲಿ ನಿಂತಿದ್ದೆ. ‘ಅಪ್ಪಾ, ಒಂದೇ ಒಂದ್ಸಲ ನೋಡು’ ಅಂದೆ. ನಾನು ನೋಡಲಿಲ್ಲ. ಊರಿನವರ ಎದುರಿಗೆ ಕಿತ್ತುಕೊಂಡೆ. ಸಂಜೆ ಕೇಳಿದ್ದಕ್ಕೆ, ಮೇಪಲ್ ರಸ ಕಾಯಿಸುವ ಒಲೆಗೆ ಹಾಕಿದೆ ಅಂದೆ. ಆಮೇಲೆ ನೀನು ಸ್ಕೀಯನ್ನೂ ಮುಟ್ಟಲಿಲ್ಲ, ಹಿಮವೇ ಇಲ್ಲದ ಕಡೆ ಹೋಗಿ ಮನೆ ಮಾಡಿದೆ. ನಿಯಮ ನಿಯಮವೇ ಎಂದು ಇಪ್ಪತ್ತೇಳು ವರ್ಷ ನನಗೆ ನಾನೇ ಹೇಳಿಕೊಂಡೆ. ಆ ನಿಯಮವನ್ನು ಗುಡ್ಡದವರು ಐದೇ ವರ್ಷಕ್ಕೆ ತೆಗೆದುಹಾಕಿದರು. ನಾನು ಮಾಡಿದ್ದು ತಪ್ಪು ಮಗನೇ. ಇದನ್ನು ಹೇಳಲು ಇಷ್ಟು ದಿನ ಬೇಕಾಯಿತು, ಅದೂ ತಪ್ಪೇ.

ನಿನ್ನ ಅಮ್ಮ ಅಂಚೆಯ ಗಾಡಿ ಬಂತು ಎನ್ನುತ್ತಿದ್ದಾಳೆ. ಇವತ್ತು ಭಾನುವಾರ ಎಂಬುದೂ ಅವಳಿಗೆ ಮರೆತಿದೆ. ನಿಜ ಹೇಳಬೇಕೆಂದರೆ, ನಾನು ಬರೆದದ್ದನ್ನು ಹರಿದುಹಾಕುತ್ತೇನೆಂದು ಅವಳಿಗೆ ಭಯ. ಎಲೋಯ್ಸಾಗೆ ನನ್ನ ನೆನಪುಗಳು, ಜೂನಿಯ ಎರಡೂ ಕೆನ್ನೆಗೆ ತಾತನ ಮುತ್ತು. ನೀವು ಮೂವರೂ ಸುಖವಾಗಿರಿ.

ನಿನ್ನ ಅಪ್ಪ,
ಓರಿನ್

ಮರೆತಿದ್ದೆ: ಹಲಗೆ ಕೊಡುವ ಮೊದಲು ಕೆಂಡ್ರಾ ನನ್ನನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ, ಹೇಳದೆ ಕೇಳದೆ ಹಿಂದಿನಿಂದ ಮೆಲ್ಲಗೆ ತಳ್ಳಿದಳು. ಬೀಳದಿರಲು ಯಾವ ಕಾಲು ತಾನಾಗಿ ಮುಂದೆ ಬರುತ್ತದೋ, ಹಲಗೆಯ ಮೇಲೂ ಅದೇ ಮುಂದೆ. ಹೆಚ್ಚಿನವರಿಗೆ ಎಡಗಾಲು, ನನಗೆ ಬಲಗಾಲು ಬಂತು. ಮನೆಗೆ ಬಂದವನೇ ರಸ ಕಾಯಿಸುವ ಮನೆಯ ಅಟ್ಟ ಹತ್ತಿದೆ. ನಿನ್ನ ಹಲಗೆಯನ್ನು ನಾನು ಸುಡಲಿಲ್ಲ, ಡ್ವೈಟ್. ಒಲೆಯ ಬಾಯಿ ತನಕ ಒಯ್ದು ವಾಪಸು ತಂದೆ, ನಿನಗೆ ಹೇಳಲು ಮಾತ್ರ ಬಾಯಿ ಬರಲಿಲ್ಲ. ಪಟ್ಟಿ ಕೊಳೆತಿದೆ, ಮರ ಗಟ್ಟಿಯಾಗಿದೆ. ನೀನು ಹಳೆಯ ಬೂಟಿನ ಅಡಿ ಕಿತ್ತು ತಿರುಪು ಹಾಕಿ ಕೂರಿಸಿದ್ದೆಯಲ್ಲ, ಮುಂದೆ ಕೂರಿಸಿದ್ದು ಬಲಗಾಲಿನದು. ಹದಿನೆಂಟು ವರ್ಷ ಒಂದೇ ಮನೆಯಲ್ಲಿದ್ದೆವು, ನಿನ್ನ ಯಾವ ಕಾಲು ಮುಂದೆ ಎಂದು ನನಗೆ ಗೊತ್ತಿರಲಿಲ್ಲ. ಜೂನಿಯನ್ನು ನೀನೇ ಒಮ್ಮೆ ಹಿಂದಿನಿಂದ ತಳ್ಳಿ ನೋಡಿ ಬರೆ. ಹಲಗೆಯನ್ನು ಅಂಚೆಯಲ್ಲಿ ಕಳಿಸಬಹುದು, ಕಳಿಸುವುದಿಲ್ಲ. ಇಲ್ಲಿ ಏಪ್ರಿಲ್ ಮೊದಲ ವಾರದವರೆಗೆ ಹಿಮ ಇರುತ್ತದೆ. ನಿನ್ನ ಕೈಯಿಂದ ಕಿತ್ತುಕೊಂಡವನು ನಾನು, ನಿನ್ನ ಕೈಗೇ ಕೊಡಬೇಕು.