ಜನವಿಲ್ಲದ ಊರಿನ ಮೇಯರ್‌ಗೆ

ಅಪ್ಪಾ,

ನಾಳೆ ನಿನ್ನನ್ನು ಮಣ್ಣು ಮಾಡಬೇಕು. ಎಲ್ಲಿ ಎನ್ನುವುದನ್ನು ಇವತ್ತೇ ಹೇಳಿಬಿಡುತ್ತೇನೆ. ನಾಳೆ ಎಲ್ಲರೆದುರು ನನಗೆ ಬಾಯಿ ಬರುವುದಿಲ್ಲ.

ನಿನ್ನದು ಒಂದೇ ಹಟ. "ಓಡೀಲ್, ನನ್ನನ್ನ ನಮ್ಮ ವೊರಿಮೋನಲ್ಲೇ ಹೂಳ್ಬೇಕು, ತಿಳೀತಾ?" ಎರಡು ಗುಡ್ಡಗಳ ನಡುವೆ, ತೊರೆಯ ಮಗ್ಗುಲಲ್ಲಿದ್ದ ಊರು. ಮೊದಲ ಮಹಾಯುದ್ಧದ ಫಿರಂಗಿಗಳು ಅದನ್ನು ಪುಡಿ ಮಾಡುವ ಮುಂಚೆ ತಾತ ಹಸುವಿನ ಹಗ್ಗ ಹಿಡಿದುಕೊಂಡು ಹೊರಟಿದ್ದ. ಮತ್ತೆ ಯಾರೂ ಮನೆ ಕಟ್ಟಲಿಲ್ಲ. ಮಣ್ಣಿನೊಳಗೆ ಸಿಡಿಯದ ಗುಂಡುಗಳು, ಮೇಲೆ ಸರ್ಕಾರ ನೆಟ್ಟ ಪೈನ್ ಮರಗಳು. ಆದರೂ ಊರಿನ ಹೆಸರು ಅಳಿಸಲಿಲ್ಲ. ವೋಟು ಹಾಕಲು ಜನವಿಲ್ಲದ್ದರಿಂದ ಸರ್ಕಾರವೇ ಮೇಯರನ್ನು ನೇಮಿಸುತ್ತ ಬಂತು. ನೀನಾದೆ, ನಿನ್ನ ಕಾಲು ಸೋತ ಮೇಲೆ ನಾನಾದೆ. "ಏನ್ ಮೇಯರ್ ಸಾಹೇಬ್ರೇ, ಪ್ರಜೆಗಳೆಲ್ಲ ಕ್ಷೇಮಾನಾ?" ಎಂದು ಕಾಫಿ ಅಂಗಡಿಯ ಗಾಸ್ಪಾರ್ ಛೇಡಿಸಿದರೆ ನೀನು ನಗದೆ ಹೇಳುತ್ತಿದ್ದೆ: "ಯಾರೂ ದೂರು ಕೊಟ್ಟಿಲ್ಲಪ್ಪ."

ವರ್ಷಕ್ಕೊಮ್ಮೆ ಊರಹಬ್ಬಕ್ಕೆ ಎಲ್ಲ ಮನೆತನದವರೂ ಬಂದು ತಮ್ಮ ತಮ್ಮ ಮನೆ ಇದ್ದ ಜಾಗದಲ್ಲೇ ಕೂತು ಉಣ್ಣುತ್ತೇವಲ್ಲ, ಹೊಸದಾಗಿ ಮದುವೆಯಾದ ವರ್ಷ ನನ್ನ ಗಂಡ ತಿಯೆರಿ ಹುಲ್ಲಿನ ಮೇಲೆ ನೆಟ್ಟಗೆ ನಡೆದು ಬಂದುಬಿಟ್ಟ. "ಅಯ್ಯೋ ಪುಣ್ಯಾತ್ಮ, ಅದು ಅಡುಗೆಮನೆ ಗೋಡೆ ಕಣೋ! ಬಾಗಿಲು ಕಾಣಲ್ವಾ ನಿಂಗೆ?" ಎಂದು ನಾನು ಗದರಿದೆ. ಪಾಪ, ಅವನು ಹಿಂದೆ ಹೋಗಿ, ಸುತ್ತಿಕೊಂಡು, ಹೊಸ್ತಿಲ ಕಲ್ಲಿನ ಹತ್ತಿರ ಕಾಲೊರೆಸಿ ಬಂದ. ಯಾರೂ ನಗಲಿಲ್ಲ.

ಮೊನ್ನೆ ನಿನಗೆ ಜಾಗ ಮಾಡಲು ಬಾಂಬ್ ದಳದವರು ಬಂದರು. ಅವರಿಲ್ಲದೆ ಅಲ್ಲಿ ಗುದ್ದಲಿ ಹಾಕುವಂತಿಲ್ಲ. ಹಳೆಯ ಸ್ಮಶಾನದಲ್ಲಿ ಮೊಣಕಾಲುದ್ದ ಅಗೆದಾಗ ಒಂದು ಬೂಟು, ಅದರೊಳಗೆ ಕಾಲಿನ ಮೂಳೆ. ಗೋಡೆಯ ಪಕ್ಕ ಅಗೆದರೆ ಇಬ್ಬರು, ಒಬ್ಬರ ಮೇಲೊಬ್ಬರು. ನಮ್ಮವರೋ ಶತ್ರುಗಳೋ ಗೊತ್ತಾಗಲಿಲ್ಲ. ದಳದ ಮುಖ್ಯಸ್ಥ ತಲೆಯ ಮೇಲಿನ ಹೆಲ್ಮೆಟ್ ತೆಗೆದ. "ಮೇಡಂ, ಖಾಲಿ ಊರು ಅಂತೀರಿ. ಇಲ್ಲಿ ಕಾಲಿಡೋಕೂ ಜಾಗ ಇಲ್ಲ."

ಸಿಕ್ಕವರನ್ನು ಸೈನಿಕರ ಸ್ಮಶಾನಕ್ಕೆ ಒಯ್ಯಲೇಬೇಕು, ಅದು ನಿಯಮ. ಮೂಳೆಗಳನ್ನು ಪೆಟ್ಟಿಗೆಗೆ ತುಂಬಿ ವ್ಯಾನಿಗೆ ಇಟ್ಟರು. "ಈಗ ಗುಂಡಿ ಖಾಲಿ ಆಯ್ತಲ್ಲ, ನಿಮ್ಮ ತಂದೆಯವರನ್ನ ಇಲ್ಲೇ ಇಡಬಹುದು" ಎಂದ. ಒಳ್ಳೆಯ ಮನುಷ್ಯ, ನನಗೆ ಅನುಕೂಲವಾಗಲಿ ಎಂದೇ ಹೇಳಿದ.

ವ್ಯಾನು ಪೈನ್ ಮರಗಳ ನಡುವೆ ಹೊರಟಿತು. ನಮ್ಮೂರನ್ನು ಬಿಟ್ಟು ಹೋಗುವವರನ್ನು ನಾನು ನೋಡಿದ್ದು ಅದೇ ಮೊದಲು, ಅಪ್ಪಾ. ನಿನ್ನ ಹೆಸರು ಹೇಳಿ ಅವರನ್ನು ಎಬ್ಬಿಸಿ ಕಳಿಸಿದವಳು ನಾನೇ. ಎರಡೂ ಗುಂಡಿಗಳನ್ನು ಮುಚ್ಚಿಸಿದೆ.

ಮಗಳಾಗಿ ನಿನ್ನ ಆಸೆ ನಡೆಸಬೇಕಿತ್ತು. ಮೇಯರ್ ಆಗಿ ಒಪ್ಪಿಗೆ ಕೊಡಲು ಕೈ ಬರಲಿಲ್ಲ. ನಾಳೆ ನಿನ್ನನ್ನು ಪಕ್ಕದೂರಿನಲ್ಲಿ ಅಮ್ಮನ ಮಗ್ಗುಲಲ್ಲಿ ಮಲಗಿಸುತ್ತೇನೆ. ಬೈಯುವುದಾದರೆ ಬೈದುಕೋ.

ನೆಮ್ಮದಿಯಾಗಿ ಮಲಗು. ನಾನಿರುವವರೆಗೆ ವೊರಿಮೋನಿನಲ್ಲಿ ಯಾರ ನಿದ್ದೆಯೂ ಕೆಡುವುದಿಲ್ಲ.

ನಿನ್ನ ಮಗಳು,
ಓಡೀಲ್