ಭಾವನ ಗುಲಾಬಿ ಲೇಬಲ್

ಮಾರ್ಚ್ 3, ಸೋಮವಾರ
ಗ್ರಂಥಾಲಯದ ಡಿಸ್ಕ್ ಕೋಣೆ. ಬೆಳಿಗ್ಗೆಯಿಂದ ಸಿ.ಡಿ. ಒರೆಸುವ ಕೆಲಸ — ನಡುವಿನಿಂದ ಅಂಚಿಗೆ, ನೇರವಾಗಿ. ಗುಮಾಸ್ತ ಮಾತ್ರ ತಟ್ಟೆ ತಿಕ್ಕಿದಂತೆ ಸುತ್ತಿ ಸುತ್ತಿ ಉಜ್ಜುತ್ತಾನೆ. ಮೇಲೆ ಬಾಲ್‌ಪೆನ್ನಿನಲ್ಲಿ ಒತ್ತಿ ಹೆಸರು ಬೇರೆ.
"ಹೊಳೆಯೋ ಕಡೆ ಮುಟ್ಟಿಲ್ವಲ್ಲ ಸಾರ್?"
ಮಹಾಪ್ರಭು, ಸಿ.ಡಿ.ಯ ಜೀವ ಇರುವುದೇ ಹೆಸರು ಬರೆಯುವ ಕಡೆ, ತೆಳು ಪದರವೊಂದರ ಕೆಳಗೆ!
ನಿಯಮ ಬರೆದು ಗೋಡೆಗೆ ಅಂಟಿಸಿದೆ. ನಾಲ್ಕು: ಅಂಟಿದ ಲೇಬಲ್ ಕೀಳಬೇಡಿ. ಐದು: ಎರಡು ಪ್ರತಿ ಇಡಿ. ಪುಸ್ತಕವನ್ನೇ ಓದದವರು ಗೋಡೆ ಓದುತ್ತಾರೆಯೇ?

ಮಾರ್ಚ್ 6
ಭಾವ ಬಂದರು, ಅಕ್ಕನ ಡಿಸ್ಕ್ ಹಿಡಿದು. ಗಂಟಲಿನ ಆಪರೇಷನ್‌ಗೆ ಮೊದಲು ಮಗಳಿಗೆಂದು ಕಥೆ ಓದಿ ರೆಕಾರ್ಡ್ ಮಾಡಿದ್ದು. ಈಗ ಅಕ್ಕನಿಗೆ ದನಿಯಿಲ್ಲ, ಜಗಳವೂ ಸ್ಲೇಟಿನಲ್ಲೇ. ಭಾನುವಾರ ಮಗಳು ಕೂಸಿನೊಂದಿಗೆ ಬರುತ್ತಾಳೆ. ಕೂಸಿಗೆ ಅಜ್ಜಿಯ ದನಿ ಕೇಳಿಸಬೇಕು. ಡಿಸ್ಕ್ ತೊದಲುತ್ತಿದೆ.
ತೊದಲದೆ? ಮೇಲೆ ಗುಲಾಬಿ ಹೂವಿನ ಕಾಗದದ ಲೇಬಲ್. ಅದೂ ವಾರೆ. ತಿರುಗಿದರೆ ಕುಡುಕನ ನಡಿಗೆ.
"ಚೆನ್ನಾಗ್ ಕಾಣ್ಲಿ ಅಂತ ಅಂಟಿಸ್ದೆ ಕಣೋ. ನೂರು ವರ್ಷ ಬರತ್ತೆ ಅಂತ ಡಬ್ಬಿ ಮೇಲೇ ಇತ್ತು."
"ಡಬ್ಬಿ ಬರತ್ತೆ ಭಾವ."
"ಕೆಡಬಾರ್ದು ಅಂತ ಫ್ರಿಜ್ಜಲ್ಲೂ—"
ಫ್ರಿಜ್! ಡಿಸ್ಕೇನು ಮೊಟ್ಟೆಯೇ? ನಕ್ಕುಬಿಟ್ಟೆ. ಮಾತು ಮುಗಿಸಲು ಬಿಡಲಿಲ್ಲ.

ಮಾರ್ಚ್ 7, ಮಧ್ಯಾಹ್ನ
ಇದ್ದ ಹಾಗೇ ನಿಧಾನವಾಗಿ ಓದಿಸಿ ಪ್ರತಿ ತೆಗೆಯಬಹುದಿತ್ತು. ಆದರೆ ಆ ಗುಲಾಬಿ... ಕಣ್ಣಿಗೆ ಚುಚ್ಚುತ್ತಿತ್ತು. ಉಗುರಿನಿಂದ ಅಂಚು ಎಬ್ಬಿಸಿದೆ. ಎಳೆದೆ.
ಹೂವಿನ ಜೊತೆ ಬೆಳ್ಳಿ ಪದರವೂ ಬಂತು.
ಕೈಯಲ್ಲುಳಿದದ್ದು ಕಿಟಕಿ ಗಾಜಿನಂಥ ತಟ್ಟೆ. ಅದರಾಚೆ ಗೋಡೆ. ನಾಲ್ಕನೆಯ ನಿಯಮ ನಿಚ್ಚಳವಾಗಿ ಕಾಣಿಸಿತು.

ಮಾರ್ಚ್ 9, ಭಾನುವಾರ, ಬೆಳಿಗ್ಗೆ 11.10
ಅಕ್ಕನ ಮನೆ. ಹೇಳಿದೆ. ಅಕ್ಕ ಬಳಪ ಎತ್ತಿಕೊಂಡಳು. ಕೆಳಗಿಟ್ಟು ಭಾವನ ಕಡೆ ನೋಡಿದಳು.
ಭಾವ ಎದ್ದರು. "ಅವತ್ತು ಹೇಳಕ್ಕೆ ಬಿಟ್ಯೇನೋ?" ಫ್ರಿಜ್ಜಿನಿಂದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಡಿಸ್ಕ್ ತಂದರು. ಇನ್ನೊಂದು ಪ್ರತಿ.
ಫ್ರಿಜ್ಜು ಶುದ್ಧ ಮೂಢನಂಬಿಕೆ — ಈಗಲೂ ಹೇಳುತ್ತೇನೆ. ಆದರೆ ಎರಡು ಪ್ರತಿ? ಗೋಡೆ ಓದದ ಮನುಷ್ಯ ಐದನ್ನು ಪಾಲಿಸಿದ್ದಾರೆ. ಬರೆದ ಮಹಾಶಯ ನಾಲ್ಕನ್ನು ಕಿತ್ತು ಕೈಗೆ ತಂದುಕೊಂಡಿದ್ದಾನೆ.
"ಹಾಕು ಮತ್ತೆ."
"ತಣ್ಣಗಿದೆ ಭಾವ, ಬೆವರತ್ತೆ. ಸ್ವಲ್ಪ ಹೊತ್ತು ಹೊರಗಿರ್ಲಿ... ಪ್ಲೀಸ್."
ಪ್ಲೀಸ್. ನನ್ನ ಬಾಯಲ್ಲಿ. ಭಾವನಿಗೆ.

12.40
ಬೆವರು ಆರಿತು. ಇದರ ಮೇಲೆ ಲೇಬಲ್ ಇಲ್ಲ — ಗುಲಾಬಿ ಮುಗಿದುಹೋಗಿತ್ತಂತೆ! ಕೈ ಚಾಚಿದೆ. ಅಕ್ಕ ಸ್ಲೇಟು ಎತ್ತಿ ಹಿಡಿದಳು: ನೀನು ಮುಟ್ಟಬೇಡ. ಅವರೇ ಹಾಕಲಿ.
ಭಾವ ಪ್ಲೇಯರಿಗೆ ಹಾಕಿದರು. ಗುರ್ರ್... ಗುರ್ರ್... ಮಗಳ ಮಡಿಲಲ್ಲಿ ಕೂಸು ಕಣ್ಣರಳಿಸಿತು. ಆಮೇಲೆ ಅಕ್ಕನ ದನಿ. ಕಥೆಯಲ್ಲ; ಅದಕ್ಕೂ ಮುಂಚೆ, ರೆಕಾರ್ಡ್ ಮಾಡಿದ ದಿನ ಅದೇ ಕೋಣೆಯಲ್ಲಿ ಭಾವನ ತಪ್ಪು ಹುಡುಕುತ್ತ ನಿಂತಿದ್ದ ನನಗೆ ಹೇಳಿದ್ದು:
"ಏ ಪಂಡಿತ, ಬಾಯ್ಮುಚ್ಕೊಂಡು ಕೂತ್ಕೊಳೋ. ನಿಮ್ ಭಾವಂಗೆ ಎಲ್ಲಾ ಗೊತ್ತು."
ಕೂಸು ಕಿಲಕಿಲ ನಕ್ಕಿತು. ಭಾವ ನನ್ನ ಕಡೆ ನೋಡಲೇ ಇಲ್ಲ, ಅದೇ ದೊಡ್ಡತನ. ನಾನು ಕೂತೆ. ಬಾಯಿ—