ಅಮೀನಾಳ ಪರೀಕ್ಷೆ, ನನ್ನ ಅಕ್ಷರ

1976 ಜೂನ್ 14, ಸೋಮವಾರ

ನಾನು ಮುನಿತಾಯಮ್ಮ. ಯಲಹಂಕ ಹಳೇ ಊರಿನ ದಿವಂಗತ ಚಿಕ್ಕಬೈರಪ್ಪನವರ ಹೆಂಡತಿ. ಕೆರೆ ಕೆಳಗೆ ಹನ್ನೊಂದು ಎಕರೆ. ಮಹಿಳಾ ಸಮಾಜದ ಅಧ್ಯಕ್ಷೆ. ಹೈಸ್ಕೂಲ್ ಕಮಿಟಿಯಲ್ಲಿ ಯಜಮಾನರ ಕುರ್ಚಿ ಈಗ ನನ್ನದು – ಆ ಹೈಸ್ಕೂಲು ನಿಂತಿರುವುದೇ ನಮ್ಮ ರಾಗಿ ಹೊಲದಲ್ಲಿ. ಈ ಊರಿನ ಹೆಂಗಸರಲ್ಲಿ ಮೊದಲು ಎಸ್.ಎಸ್.ಎಲ್.ಸಿ. ಪಾಸಾದವಳು ನಾನು ಎಂದು ಜನ ಹೇಳುತ್ತಾರೆ. ಇಲ್ಲವೆಂದು ನಾನು ಹೇಳಿಲ್ಲ. ಹೊಸ ನೋಟ್ ಬುಕ್, ಅದಕ್ಕೆ ಇಷ್ಟು ಬರೆದೆ.

ಎಂದಿನಂತೆ ಹಾಲು ಕರೆಸಿ, ಆಳುಗಳಿಗೆ ಕೆಲಸ ಹೇಳಿ, ಸ್ಕೂಲಿಗೆ ಹೋದೆ. ಅಡ್ಮಿಷನ್ ದಿನ. ಬಸ್ ಸ್ಟ್ಯಾಂಡಿನ ಸೈಕಲ್ ಶಾಪ್ ಮಜೀದ್, ಮಗಳ ಕೈ ಹಿಡಿದು ನಿಂತಿದ್ದ. ಅಮೀನಾ. ಹದಿನೈದು ನಡೆಯುತ್ತಿದೆ. ಹುಟ್ಟಿನಿಂದ ಕಣ್ಣಿಲ್ಲ. ಸಿಟಿಯ ಕುರುಡರ ಶಾಲೆಯಲ್ಲಿ ಏಳನೆಯವರೆಗೆ ಓದಿದ್ದಾಳೆ, ಮೊದಲ ನಂಬರು. ಅಲ್ಲಿ ಮುಂದಿನ ಕ್ಲಾಸಿಲ್ಲ. ಇಲ್ಲಿ ಹೆಡ್ ಮಾಸ್ಟರ್ ಆವಲಪ್ಪ ಸೇರಿಸಿಕೊಳ್ಳಲು ತಯಾರಿಲ್ಲ.

"ಪುಸ್ತಕ ಓದಿ ಹೇಳೋರ್ ಯಾರಮ್ಮಾ? ನಲವತ್ತೆಂಟು ಮಕ್ಕಳಿಗೆ ಒಬ್ಬ ಮೇಷ್ಟ್ರು."

"ನಾನ್ ಓದ್ತೀನಿ."

"ದಿನಾ?"

"ನಾನೇನು ಅಮಾವಾಸ್ಯೆಗೊಂದ್ಸಲ ಊಟ ಮಾಡೋಳಾ ಮೇಷ್ಟ್ರೇ? ದಿನಾ ಅಂದ್ರೆ ದಿನಾ."

ಅವರ ಬಾಯಿ ಮುಚ್ಚಿಸಲು ಹೇಳಿದ್ದು. ಹೇಳಿದ ಮೇಲೆ ಹೇಳಿದ್ದೇ. ನಾಳೆ ಹತ್ತೂವರೆಗೆ.

ಜೂನ್ 25, ಶುಕ್ರವಾರ

ಎಂಟನೇ ಕ್ಲಾಸಿನ ಕೊನೆ ಬೆಂಚು. ಗೋಡೆ ಪಕ್ಕ ಅವಳು, ಈಚೆ ನಾನು. ಮೊದಲ ದಿನ ಹುಡುಗರು ನಕ್ಕರು. ಎರಡನೇ ದಿನ ನಗಲಿಲ್ಲ. ಬೋರ್ಡಿನ ಮೇಲೆ ಬರೆದದ್ದನ್ನು ಮೆಲ್ಲಗೆ ಓದುತ್ತೇನೆ. ಅವಳು ದಪ್ಪ ಕಾಗದದ ಮೇಲೆ ಮೊಳೆಯಂಥ ಕಡ್ಡಿಯಿಂದ ಚುಕ್ಕಿ ಚುಚ್ಚುತ್ತಾಳೆ. ಬ್ರೈಲ್ ಅಂತೆ. ಬೆರಳು ಆಡಿಸಿ ತಿರುಗಿ ಓದುತ್ತಾಳೆ – ನಾನು ಬಿಟ್ಟ ಸಾಲನ್ನೂ ಕಂಡುಹಿಡಿಯುತ್ತಾಳೆ.

ಇವತ್ತು ಸಮಾಜ ಪಾಠದ ಮೇಷ್ಟ್ರು ಅವಳಿಗೆ ಪ್ರಶ್ನೆ ಕೇಳಿದರು. ಉತ್ತರ ನಾನು ಹೇಳಿದೆ. ಸರಿಯಾದ ಉತ್ತರವೇ. ಸ್ಕೂಲು ಬಿಟ್ಟ ಮೇಲೆ ಗೇಟಿನ ಹತ್ತಿರ ಹುಡುಗಿ ನಿಂತಳು.

"ಅಮ್ಮಾವ್ರೇ, ಬೇಜಾರ್ ಮಾಡ್ಕೋಬೇಡಿ. ನಂಗೆ ಕಣ್ಣಿಲ್ಲ. ಬಾಯಿದೆ."

ಮೂವತ್ತು ವರ್ಷದಿಂದ ನನ್ನ ಎದುರು ಯಾರೂ ಹೀಗೆ ಮಾತಾಡಿಲ್ಲ. ಸಿಟ್ಟು ಬಂತು. ಕೆರೆ ಏರಿ ಮುಗಿಯುವವರೆಗೂ ಇತ್ತು. ಆಮೇಲೆ ನೋಡಿದರೆ, ಹುಡುಗಿ ಹೇಳಿದ್ದು ಸರಿ. ಇನ್ನು ಪ್ರಶ್ನೆ ಬಂದರೆ ನನ್ನ ತುಟಿ ಬಿಗಿ.

1977 ಫೆಬ್ರವರಿ 9

ಭೂಪಟ ಹೇಳಿಕೊಡುವುದು ಹೇಗೆ? ಕಾವೇರಿ ಎಲ್ಲಿ ಹುಟ್ಟಿ ಎಲ್ಲಿಗೆ ಹೋಯಿತೆಂದು ಬಾಯಲ್ಲಿ ಹೇಳಿ ಹೇಳಿ ಸಾಕಾಯಿತು. ಸೊಸೆ ಪುಷ್ಪಾವತಿ ನಮ್ಮ ಮಾತು ಕೇಳಿಸಿಕೊಂಡಿದ್ದಳು. ಮೂರು ದಿನ ಕೂತು, ಗೋಣಿತಟ್ಟಿನ ಮೇಲೆ ದಪ್ಪ ದಾರದಲ್ಲಿ ಇಡೀ ಕರ್ನಾಟಕ ಹೊಲಿದುಕೊಟ್ಟಳು. ನದಿಗೆ ಸಣ್ಣ ದಾರ, ಊರಿಗೆ ಗಂಟು. ಅಮೀನಾ ಬೆರಳಲ್ಲೇ ಮಡಿಕೇರಿ ಗಂಟಿನ ಪಕ್ಕದಿಂದ ಹೊರಟು ಕಾವೇರಿಯ ಜೊತೆ ತಮಿಳುನಾಡಿನ ಗಡಿ ಮುಟ್ಟಿದಳು.

ಪುಷ್ಪಾವತಿಯ ಕೈಕೆಲಸ ಚೆನ್ನಾಗಿದೆ. ಹೊಗಳಲಿಲ್ಲ. ಎಸ್.ಎಸ್.ಎಲ್.ಸಿ. ಫೇಲಾಗಿ ನಮ್ಮ ಮನೆಗೆ ಬಂದವಳು. ವಾರಕ್ಕೊಂದು ಸಲವಾದರೂ ಅದನ್ನು ನೆನಪಿಸುತ್ತೇನೆ. ಸಡಿಲ ಬಿಟ್ಟರೆ ಮನೆ ನಡೆಯುವುದಿಲ್ಲ.

ಸೆಪ್ಟೆಂಬರ್ 22

ಒಂಬತ್ತನೇ ಕ್ಲಾಸಿನ ಟೆಸ್ಟು. ಅವಳು ಹೇಳುತ್ತಾಳೆ, ನಾನು ಬರೆಯುತ್ತೇನೆ. ಪ್ಲಾಸಿ ಕದನದ ಇಸವಿ ತಪ್ಪು ಹೇಳಿದಳು. ನಾನು ಸರಿಯಾದದ್ದು ಬರೆದೆ. ಕೊನೆಗೆ, "ಒಂದ್ಸಲ ಓದಿ" ಎಂದಳು. ಓದಿದೆ. ಸಿಕ್ಕಿಬಿದ್ದೆ.

"ನಾನ್ ಹೇಳಿದ್ದು ಅದಲ್ಲ."

"ನೀನ್ ಹೇಳಿದ್ದು ತಪ್ಪು ಕಣೇ."

"ತಪ್ಪೇ ಬರೀರಿ ಅಮ್ಮಾವ್ರೇ. ಅದೂ ನಂದೇ."

ಹೊಡೆದು ಹಾಕಿ ತಪ್ಪನ್ನೇ ಬರೆದೆ. ಕೈ ಬರುತ್ತಿರಲಿಲ್ಲ... ಇವತ್ತು ಮಾರ್ಕ್ಸ್ ಬಂತು, ಅರವತ್ತೊಂದು. ಆ ಅರವತ್ತೊಂದರಲ್ಲಿ ನನ್ನದು ಅಕ್ಷರ ಮಾತ್ರ. ಮಜೀದನ ಅಂಗಡಿ ಮುಂದೆ ನಿಂತು ನಾಲ್ಕು ಜನಕ್ಕೆ ಕೇಳುವ ಹಾಗೆ ಮಾರ್ಕ್ಸ್ ಹೇಳಿದೆ.

1978 ಡಿಸೆಂಬರ್ 11

ಹತ್ತನೇ ಕ್ಲಾಸು. ಸಿಟಿಯಲ್ಲಿ ಕಣ್ಣಿಲ್ಲದವರಿಗೆ ಟೆಲಿಫೋನ್ ಆಪರೇಟರ್ ಟ್ರೈನಿಂಗ್ ಕೊಡುತ್ತಾರಂತೆ. ಎಸ್.ಎಸ್.ಎಲ್.ಸಿ. ಪಾಸಾಗಿರಬೇಕು, ಸೇರುವಾಗ ಹದಿನೆಂಟು ತುಂಬಿರಬಾರದು. ಅಮೀನಾಳಿಗೆ ಬರುವ ಜುಲೈಗೆ ಹದಿನೆಂಟು. ಈ ಸಲವೇ ಪಾಸಾಗಬೇಕು. ಇನ್ನೊಂದು ಸಲ ಎಂಬುದಿಲ್ಲ.

ಆವಲಪ್ಪ ಹೊಸ ವಿಷಯ ತೆಗೆದರು. ಪಬ್ಲಿಕ್ ಪರೀಕ್ಷೆಯಲ್ಲಿ ಕುರುಡರ ಪರವಾಗಿ ಬರೆಯುವವರು ಅವರಿಗಿಂತ ಒಂದು ಕ್ಲಾಸಾದರೂ ಕೆಳಗಿನವರಾಗಿರಬೇಕು.

"ನೀವ್ ಪಾಸಾದೋರು. ನೀವ್ ಬರೆಯೋ ಹಾಗಿಲ್ಲ ಅಮ್ಮಾವ್ರೇ."

ಆಗಲಿ ಎಂದೆ. ಒಂಬತ್ತನೆಯ ಕುಬ್ರಾಳನ್ನು ಗೊತ್ತು ಮಾಡಿದರು. ಚುರುಕು ಹುಡುಗಿ. ದಿನಾ ಒಂದು ಗಂಟೆ ಅಭ್ಯಾಸ ಮಾಡಿಸುತ್ತೇನೆ.

1979 ಮಾರ್ಚ್ 29, ಗುರುವಾರ

ಸೋಮವಾರ ಪರೀಕ್ಷೆ. ಕುಬ್ರಾಳಿಗೆ ಮೈಮೇಲೆಲ್ಲ ಅಮ್ಮನ ಗುಳ್ಳೆ ಎದ್ದಿದೆ. ಕಿಟಕಿಯಿಂದ ನೋಡಿ ಬಂದೆ. ಹುಡುಗಿ ಅಳುತ್ತಿತ್ತು, ಪರೀಕ್ಷೆ ತನ್ನದೇ ಎಂಬ ಹಾಗೆ.

ಮಾರ್ಚ್ 30, ಶುಕ್ರವಾರ

ಕೆಳಗಿನ ಕ್ಲಾಸುಗಳಿಗೆ ರಜ. ಊರಲ್ಲಿ ಸಿಕ್ಕಿದವರು ಇಬ್ಬರು. ಕೂರಿಸಿ ಬರೆಸಿದೆವು. ಒಬ್ಬಳು ಅರ್ಧ ಗಂಟೆಗೆ ಆರು ಸಾಲು. ಇನ್ನೊಬ್ಬಳು ಅಮೀನಾಳ ವೇಗಕ್ಕೆ ಸಾಲು ಸಾಲೇ ಬಿಟ್ಟಳು.

"ಸೆಪ್ಟೆಂಬರಲ್ಲಿ ಕಟ್ಲಿ ಬಿಡಿ" ಎಂದರು ಆವಲಪ್ಪ.

"ಸೆಪ್ಟೆಂಬರ್‌ಗೆ ಟ್ರೈನಿಂಗ್ ಎಲ್ಲಿರುತ್ತೆ ಮೇಷ್ಟ್ರೇ?"

ಮಜೀದ್ ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದ. "ನಸೀಬ್ ಇಲ್ಲ ಅಮ್ಮಾ. ಮೂರ್ ವರ್ಷ ನೀವ್ ಕಷ್ಟ ಬಿದ್ರಿ. ಸಾಕು. ಸಿಟ್ಟಾಗ್ಬೇಡಿ."

ಅಮೀನಾ ಮಾತ್ರ ನಕ್ಕಳು. "ನೀವ್ ಅಷ್ಟೊಂದ್ ಓದ್ಬಾರ್ದಿತ್ತು ಅಮ್ಮಾವ್ರೇ."

ಬೇರೆ ಯಾರೂ ನಗಲಿಲ್ಲ. ನಾನಂತೂ ಎದ್ದು ಬಂದುಬಿಟ್ಟೆ.

ಸಂಜೆ ಐದು. ಇದನ್ನು ಎಲ್ಲೂ ಬರೆದಿರಲಿಲ್ಲ. ಬರೆಯುತ್ತೇನೆ. ನಾನು ಎಸ್.ಎಸ್.ಎಲ್.ಸಿ. ಪಾಸಾಗಿಲ್ಲ. ಫೇಲೂ ಆಗಿಲ್ಲ. ಆ ಕ್ಲಾಸಿಗೆ ಕಾಲೇ ಇಟ್ಟಿಲ್ಲ. ದೊಡ್ಡಬಳ್ಳಾಪುರದಲ್ಲಿ ಅದರ ಹಿಂದಿನ ಕ್ಲಾಸು ಮುಗಿಸಿದ ಬೇಸಗೆಯಲ್ಲೇ ಧಾರೆ ಎರೆದರು. ಮದುವೆ ಚಪ್ಪರದಲ್ಲಿ ಮಾವನವರು ಬೀಗರಿಗೆಲ್ಲ, "ನನ್ ಸೊಸೆ ಎಸ್ಸೆಸ್ಸೆಲ್ಸಿ" ಎಂದರು. ಹದಿನಾರರ ಹುಡುಗಿ ಏನು ಹೇಳಿಯಾಳು. ಆಮೇಲೆ ಊರಿನವರು ಕೋರ್ಟು ನೋಟೀಸು, ಪಹಣಿ ಎಲ್ಲ ನನ್ನ ಹತ್ತಿರ ಓದಿಸಿಕೊಳ್ಳಲು ಬಂದರು. ಓದಿದೆ. ಯಾವುದನ್ನೂ ತಪ್ಪು ಓದಿಲ್ಲ. ಮಹಿಳಾ ಸಮಾಜದ ಬೋರ್ಡಿನಲ್ಲೂ ನನ್ನ ಹೆಸರಿನ ಮುಂದೆ ಎಸ್.ಎಸ್.ಎಲ್.ಸಿ. ಎಂದು ಬರೆಸಿದರು. ನೋಡಿಕೊಂಡು ಬಂದೆ.

ಮೂವತ್ತೇಳು ವರ್ಷ.

ಹೇಳಿದರೆ ಊರು ನಗುತ್ತದೆ. ಊರು ನಕ್ಕರೆ ನಗಲಿ, ನಾಲ್ಕು ದಿನ. ಆದರೆ ಒಳಮನೆಯಲ್ಲಿ ಅಕ್ಕಿ ಆರಿಸುತ್ತಾ ಕೂತಿದ್ದಾಳಲ್ಲ ಸೊಸೆ, ಅವಳು? ಹತ್ತು ವರ್ಷ ಅವಳಿಗೆ ನಾನು ಏನೇನು ಅಂದಿದ್ದೇನೆ...

ಮಾರ್ಚ್ 31, ಶನಿವಾರ

ಟ್ರಂಕಿನ ತಳದಿಂದ ನನ್ನ ಸ್ಕೂಲು ಬಿಟ್ಟ ಸರ್ಟಿಫಿಕೇಟ್ ತೆಗೆದೆ. ಪುಷ್ಪಾವತಿಗೆ, "ಸೀರೆ ಬದ್ಲಾಯ್ಸು, ಬಾ" ಎಂದೆ. ಯಾಕೆಂದು ಹೇಳಲಿಲ್ಲ. ಅವಳೂ ಕೇಳಲಿಲ್ಲ. ಈ ಮನೆಯಲ್ಲಿ ಯಾರೂ ಕೇಳುವುದಿಲ್ಲ.

ಆವಲಪ್ಪನವರ ಮುಂದೆ ಕೂತು ಹೇಳಿದೆ – ಪರೀಕ್ಷೆ ನಾನು ಬರೆಯುತ್ತೇನೆ, ನಾನು ಪಾಸಾದವಳಲ್ಲ. ಅವರು ಬಾಗಿಲು ಮುಂದಕ್ಕೆ ಎಳೆದರು.

"ಅಮ್ಮಾವ್ರೇ, ನಿಮ್ದು ದೊಡ್ ಮನಸ್ಸು. ಆದ್ರೆ ಹುಡುಗಿಗೋಸ್ಕರ ಸುಳ್ ಬರ್ಕೊಡೋದು ಬೇಡ. ಪರೀಕ್ಷಾ ಬೋರ್ಡಿಗೆ ಹೋಗೋ ಕಾಗದ ಇದು."

ಮೂವತ್ತೇಳು ವರ್ಷದ ಮೇಲೆ ಒಂದು ನಿಜ ಹೇಳಿದರೆ, ಅದನ್ನೇ ಸುಳ್ಳು ಎನ್ನುತ್ತಾರೆ. ಸರ್ಟಿಫಿಕೇಟ್ ಮೇಜಿನ ಮೇಲಿಟ್ಟೆ. ಕನ್ನಡಕ ಹಾಕಿ ಓದಿದರು. ಕನ್ನಡಕ ಒರೆಸಿ ಇನ್ನೊಂದು ಸಲ ಓದಿದರು. ನನ್ನ ಮುಖ ನೋಡದೆ ಬೋರ್ಡಿನ ಕಾಗದ ಬರೆದರು.

"ಸಾಕ್ಷಿ ಒಬ್ರು ಬೇಕು. ನಮ್ ಗುಮಾಸ್ತನ ಕೈಲಿ ಹಾಕಿಸ್ತೀನಿ. ವಿಷಯ ಈ ರೂಮ್ ದಾಟಲ್ಲ."

"ಬೇಡ. ಸಾಕ್ಷಿ ಕರ್ಕೊಂಡ್ ಬಂದಿದೀನಿ."

ಪುಷ್ಪಾವತಿ ಗೋಡೆಗೆ ಒರಗಿ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಮೇಜಿನ ಹತ್ತಿರ ಬಂದು ಕಾಗದವನ್ನು ಮೊದಲಿನಿಂದ ಕೊನೆಯವರೆಗೆ ಓದಿದಳು. ನಿಧಾನವಾಗಿ. ಬೇಕೆಂದೇ ನಿಧಾನ ಎಂದು ನನಗೆ ಗೊತ್ತಾಯಿತು. ಓದಲಿ ಎಂದು ಬಿಟ್ಟೆ.

"ಅತ್ತೆ."

"ಏನು?"

"ನಾನು ಪರೀಕ್ಷೆಗಾದ್ರೂ ಕೂತಿದ್ದೆ."

ಆವಲಪ್ಪ ಕೆಮ್ಮಿದರು.

"ಹೂಂ. ನೀನ್ ಕೂತಿದ್ದೆ. ನಿಂದೇ ಜಾಸ್ತಿ ಓದು" ಎಂದೆ. "ಈಗ ಸಹಿ ಹಾಕು. ಹೆಸರು ಪೂರ್ತಿ ಬರಿ."

ಪೂರ್ತಿ ಬರೆದಳು. ಅದರ ಮೇಲಿನ ಸಾಲಿನಲ್ಲಿ ನನ್ನ ಸಹಿ. ದುಂಡಗೆ, ನೇರವಾಗಿ, ಒಂದಿಷ್ಟೂ ಅಲುಗದೆ ಬಂದಿದೆ. ಬಾಗಿಲು ನಾನೇ ತೆಗೆದೆ. ಹೊರಗೆ ಗುಮಾಸ್ತ, ಜವಾನ, ಫೀಸು ಕಟ್ಟಲು ಬಂದ ಇಬ್ಬರು. ಕೇಳಿಸಿಕೊಂಡವರು ಕೇಳಿಸಿಕೊಳ್ಳಲಿ.

ನಾವಿಬ್ಬರೂ ಮನೆ ಕಡೆ ಹೊರಟೆವು. ಕೆರೆ ಏರಿಯ ಮೇಲೆ ಅವಳು ಒಂದು ಸಲ ಸೆರಗು ಬಾಯಿಗಿಟ್ಟುಕೊಂಡಳು. ನಕ್ಕಳು. ನಗುವುದಕ್ಕೆ ಅವಳಿಗೆ ಹಕ್ಕಿದೆ.

ಏಪ್ರಿಲ್ 2, ಸೋಮವಾರ. ಬೆಳಿಗ್ಗೆ ಎಂಟೂಕಾಲು

ನಿನ್ನೆಯೇ ಊರಿಗೆಲ್ಲ ಗೊತ್ತಾಗಿದೆ. ಸಮಾಜದ ಇಬ್ಬರು ಹಾಲು ಕೇಳುವ ನೆಪದಲ್ಲಿ ಬಂದು ನನ್ನ ಮುಖ ನೋಡಿಕೊಂಡು ಹೋದರು. ನೋಡಿದ್ದಕ್ಕೆ ಹಾಲು ಕೊಡಲಿಲ್ಲ. ಬೋರ್ಡಿನ ಎಸ್.ಎಸ್.ಎಲ್.ಸಿ. ಅಳಿಸಬೇಕಾದರೆ ಅವರೇ ಏಣಿ ಹಾಕಿಕೊಳ್ಳಲಿ.

ಅಮೀನಾ ಜಗಲಿಯಲ್ಲಿ ಕೂತಿದ್ದಾಳೆ. ಪುಷ್ಪಾವತಿ ಉಪ್ಪಿಟ್ಟು ಕೊಟ್ಟಳು. ಹುಡುಗಿಗೆ ವಿಷಯ ಹೇಳಿದಾಗ, "ಹಾಗಾದ್ರೆ ನಾನ್ ಪಾಸಾದ್ರೆ ನಿಮಗಿಂತ ಮುಂದೆ" ಎಂದಳು. ಮುಂದೆಯೇ. ಅದಕ್ಕೇ ಹೋಗುತ್ತಿರುವುದು. ಮೂರು ಗಂಟೆ ಅವಳು ಹೇಳಿದ್ದು ಬರೆಯುತ್ತೇನೆ, ಹೇಳದ್ದು ಬರೆಯುವುದಿಲ್ಲ. ಈ ತಾಲ್ಲೂಕಿನಲ್ಲಿ ಆ ಕೆಲಸ ನನ್ನಷ್ಟು ಚೆನ್ನಾಗಿ ಮಾಡುವವರು ಇನ್ನೊಬ್ಬರಿದ್ದರೆ ತೋರಿಸಲಿ.

ಮಜೀದ್ ಜಟಕಾ ತಂದು ಕೂಗುತ್ತಿದ್ದಾನೆ. ಸಾಕು. ಈ ಪೆನ್ನಿನ ಇಂಕು ಇನ್ನು ನನಗಲ್ಲ, ಅವಳ ಉತ್ತರಕ್ಕೆ.